ಬ್ರೇಕ್ ಪ್ಯಾಡ್ ತಾವೇ ಬದಲಿಸಲು ಹೊರಟ ಪುಣೆಯ ಮಕ್ಕಳಿಗೆ ಕಿವಿಮಾತು

ಹಿಂಜವಡಿ, ವಾಕಡ್, ಖರಾಡಿ ಕಡೆ ಕೆಲಸಕ್ಕೆ ಬಂದು ನೆಲೆಸಿದ ನಮ್ಮ ಕನ್ನಡದ ಹುಡುಗ ಹುಡುಗಿಯರು ಈಚೆಗೆ ಕಾರಿನ ಸಣ್ಣಪುಟ್ಟ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಮುಂದಾಗುತ್ತಿದ್ದಾರೆ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದ ನನಗೆ ಇದು ಸಂತೋಷದ ಸಂಗತಿ. ‘ಕಾಕಾ, ಬ್ರೇಕ್ ಪ್ಯಾಡ್ ನಾವೇ ಹಾಕಿಕೊಳ್ಳಬಹುದಾ?’ ಎಂದು ಕೇಳುತ್ತಾರೆ. ಹಾಕಿಕೊಳ್ಳಬಹುದು. ಕೈಗೆ ಸ್ವಲ್ಪ ಬಲ, ಮನಸ್ಸಿಗೆ ತಾಳ್ಮೆ, ಕೆಲಸಕ್ಕೆ ಕ್ರಮ ಇದ್ದರೆ ಸಾಕು.

ಗ್ಯಾರೇಜಿನ ಮಜೂರಿ ಉಳಿಯುವುದು ಇದರಲ್ಲಿ ಸಣ್ಣ ಲಾಭ. ಚಕ್ರದ ಹಿಂದೆ ಏನಿದೆ, ಅದು ಎಷ್ಟು ತೆಳ್ಳಗೆ ಸವೆಯುತ್ತದೆ ಎಂದು ಒಮ್ಮೆ ಕಣ್ಣಾರೆ ಕಂಡವರು ಆಮೇಲೆ ಘಾಟಿನಲ್ಲಿ ಕಾರು ಇಳಿಸುವ ರೀತಿಯೇ ಬೇರೆಯಾಗುತ್ತದೆ. ನಮ್ಮವರು ಗಣಪತಿ ಹಬ್ಬಕ್ಕೆ, ದೀಪಾವಳಿಗೆ ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೊರಡುವುದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಪುಣೆ ಬಿಡುತ್ತಲೇ ಕಾತ್ರಜ್ ಘಾಟು, ಮುಂದೆ ಖಂಬಾಟ್ಕಿ ಘಾಟು. ಆ ದಾರಿಯಲ್ಲಿ ಹೋಗಿಬರುವ ಪ್ರತಿಯೊಬ್ಬರಿಗೂ ಈ ಮಾತುಗಳು ಬೇಕು ಎಂದು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಗೆರೆ ಎಳೆದುಕೊಳ್ಳಿ

• ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ ಬ್ರೇಕು ಇರುತ್ತದೆ. ಮನೆಯಲ್ಲಿ ಮಾಡುವ ಕೆಲಸ ಮುಂದಿನ ಡಿಸ್ಕಿನ ಪ್ಯಾಡ್ ಬದಲಿಸುವುದು ಮಾತ್ರ. ಡ್ರಮ್ಮಿನ ಸ್ಪ್ರಿಂಗು, ಬ್ರೇಕ್ ಶೂ, ಅಡ್ಜಸ್ಟರು ಅನುಭವಿ ಮೆಕ್ಯಾನಿಕ್ಕಿನ ಕೈಗೇ ಇರಲಿ.

• ಹಿಂದೆಯೂ ಡಿಸ್ಕ್ ಇದ್ದು, ಬಟನ್ ಒತ್ತಿ ಹಾಕುವ ವಿದ್ಯುತ್ ಹ್ಯಾಂಡ್ ಬ್ರೇಕ್ ಇರುವ ಕಾರಾದರೆ ಹಿಂದಿನ ಪ್ಯಾಡ್ ಮುಟ್ಟಬೇಡಿ. ಅದರ ಮೋಟಾರನ್ನು ಮೊದಲು ಸರ್ವಿಸ್ ಸ್ಥಿತಿಗೆ ತರಬೇಕು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಬಲವಂತವಾಗಿ ಒಳಕ್ಕೆ ತಳ್ಳಿದರೆ ಮೋಟಾರು ಹಾಳಾಗುತ್ತದೆ.

• ಬ್ರೇಕ್ ಆಯಿಲ್ ಹರಿಯುವ ಕೊಳವೆಯ ಯಾವ ನಟ್ಟನ್ನೂ ಸಡಿಲಿಸಬೇಡಿ. ಪ್ಯಾಡ್ ಬದಲಿಸಲು ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಒಮ್ಮೆ ಗಾಳಿ ಒಳಗೆ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ. ಆ ಗಾಳಿ ಹೊರಹಾಕುವ ಕೆಲಸ ಬೇರೆಯದೇ.

• ಪೆಡಲ್ ನೆಲಕ್ಕೆ ಇಳಿಯುತ್ತಿದೆಯೇ? ಚಕ್ರದ ಬಳಿ ಆಯಿಲ್ ಸೋರಿದ ಗುರುತಿದೆಯೇ? ಎಬಿಎಸ್ ದೀಪ ಉರಿದೇ ಇದೆಯೇ? ಇವು ಪ್ಯಾಡಿನ ಕಾಯಿಲೆಗಳಲ್ಲ. ಕಾರು ಓಡಿಸದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

• ಮೊದಲ ಸಲ ಒಬ್ಬರೇ ಮಾಡಬೇಡಿ. ಈ ಕೆಲಸ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಣೆ ವಾಹನಗಳ ಊರು. ಪಿಂಪ್ರಿ, ಆಕುರ್ಡಿ, ಚಾಕಣದ ಕಾರ್ಖಾನೆಗಳಲ್ಲಿ ದುಡಿದವರು ಪ್ರತಿ ಸೊಸೈಟಿಯಲ್ಲೂ ಸಿಗುತ್ತಾರೆ. ಕೇಳಿದರೆ ಪ್ರೀತಿಯಿಂದ ಕಲಿಸುತ್ತಾರೆ.

ಸವೆದಿದೆಯೇ ಎಂದು ತಿಳಿಯುವುದು

• ಹೊಸ ಪ್ಯಾಡಿನ ಉಜ್ಜುವ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ದಪ್ಪ ಇರುತ್ತದೆ. ಅದು 3 ಮಿ.ಮೀ.ಗೆ ಇಳಿದರೆ ಬದಲಿಸಿ. ಹಿಂಬದಿಯ ಕಬ್ಬಿಣದ ತಗಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಪದರವನ್ನಷ್ಟೇ ಅಳೆಯಿರಿ.

• ಹಲವು ಪ್ಯಾಡುಗಳಲ್ಲಿ ಉಕ್ಕಿನ ಸಣ್ಣ ನಾಲಗೆಯೊಂದು ಇರುತ್ತದೆ. ಪದರ ಸವೆದಾಗ ಅದು ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ವಾರದಲ್ಲೇ ಕೆಲಸ ಮುಗಿಸಿ. ಕೀರಲು ಹೋಗಿ ಗರಗರ ಶುರುವಾದರೆ ಕಬ್ಬಿಣವೇ ಡಿಸ್ಕನ್ನು ಕೊರೆಯುತ್ತಿದೆ ಎಂದರ್ಥ. ಆಗ ಡಿಸ್ಕಿನ ಖರ್ಚೂ ಸೇರಿಕೊಳ್ಳುತ್ತದೆ.

• ಮಳೆಗಾಲದ ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಕೇಳುವ ಕರಕರ ಬೇರೆ. ರಾತ್ರಿಯ ತೇವಕ್ಕೆ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಅದು. ಸ್ವಲ್ಪ ದೂರ ಓಡಿದರೆ ತಾನೇ ಹೋಗುತ್ತದೆ. ಹೋಗದಿದ್ದರೆ ಚಕ್ರ ಬಿಚ್ಚಿ ನೋಡಿ.

• ಚಕ್ರದ ಸಂದಿನಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಎಷ್ಟೋ ಸಲ ಹೆಚ್ಚು ಸವೆದಿರುತ್ತದೆ. ಹಾಗಾಗಿ ಹೊರಗಿನದನ್ನು ನೋಡಿ ಸಮಾಧಾನಪಡಬೇಡಿ.

• ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಮಟ್ಟ ಇಳಿಯುತ್ತದೆ. ಮಟ್ಟ ಇಳಿದಿದೆ ಎಂದು ಮೇಲಿಂದ ಸುರಿದು ಸುಮ್ಮನಾಗಬೇಡಿ. ಮೊದಲು ಪ್ಯಾಡ್ ನೋಡಿ, ಬಳಿಕ ಸೋರಿಕೆ ಹುಡುಕಿ.

• ಇಂತಿಷ್ಟು ಸಾವಿರ ಕಿ.ಮೀ. ಬರುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಹೆದ್ದಾರಿಯಲ್ಲೇ ಓಡುವ ಕಾರಿನ ಪ್ಯಾಡ್ ಬಹುಕಾಲ ಬಾಳುತ್ತದೆ. ಹಿಂಜವಡಿಯ ಸಂಜೆಯ ದಟ್ಟಣೆಯಲ್ಲಿ ನಿಂತು ನಿಂತು ಸಾಗುವ ಕಾರಿನದು ಬೇಗ ಮುಗಿಯುತ್ತದೆ. ಪ್ರತಿ 10,000 ಕಿ.ಮೀ.ಗೊಮ್ಮೆ ಚಕ್ರ ಬಿಚ್ಚಿ ನೋಡುವುದೇ ಸರಿಯಾದ ಪದ್ಧತಿ.

ಕೊಳ್ಳುವಾಗ

• ಕಾರಿನ ಮಾದರಿ, ತಯಾರಾದ ವರ್ಷ, ಇಂಜಿನ್ ಯಾವುದು ಎಂದು ಬರೆದುಕೊಂಡು ಹೋಗಿ. ಒಂದೇ ಹೆಸರಿನ ಕಾರಿಗೂ ವರ್ಷ ಬದಲಾದರೆ ಪ್ಯಾಡಿನ ಆಕಾರ ಬದಲಾಗಬಹುದು.

• ಕಂಪನಿಯ ಅಧಿಕೃತ ಬಿಡಿಭಾಗದ ಅಂಗಡಿಯಿಂದಾಗಲಿ, ನಾನಾ ಪೇಠದ ನಂಬಿಕಸ್ಥ ಅಂಗಡಿಯಿಂದಾಗಲಿ ಬಿಲ್ ಸಮೇತ ಕೊಳ್ಳಿ. ಪೆಟ್ಟಿಗೆಯ ಮೇಲಿನ ಭಾಗದ ಸಂಖ್ಯೆ, ಬೆಲೆ, ಮುದ್ರಣದ ಅಂದ ನೋಡಿ. ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಬೇಡ.

• ಮಂಗಳವಾರ ಪೇಠೆಯಲ್ಲಿ ಪ್ರತಿ ಬುಧವಾರ, ರವಿವಾರ ಸೇರುವ ಜುನಾ ಬಜಾರಿನಲ್ಲಿ ಒಳ್ಳೆಯ ಉಕ್ಕಿನ ಹಳೇ ಪಾನಾ, ಸುತ್ತಿಗೆ, ಕ್ಲ್ಯಾಂಪು ಸಿಗುತ್ತವೆ; ಕೊಳ್ಳಿ. ಜಾಕು, ಕಾರು ನಿಲ್ಲಿಸುವ ಸ್ಟ್ಯಾಂಡು, ಬ್ರೇಕಿನ ಯಾವುದೇ ಭಾಗ ಮಾತ್ರ ಹಳೆಯದು ಬೇಡವೇ ಬೇಡ.

• ಎಡ ಬಲ ಎರಡೂ ಚಕ್ರಗಳ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಒದ್ದೆ ರಸ್ತೆಯಲ್ಲಿ ಇದು ಅಪಾಯ.

• ಜೊತೆಗೆ ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಬರುವ ಗ್ರೀಸ್, ತಂತಿ ಬ್ರಷ್, ಮುಖಗವಸು, ಕೈಗವಸು ತಂದಿಟ್ಟುಕೊಳ್ಳಿ. ಕೆಲಸ ಅರ್ಧಕ್ಕೆ ಬಂದಾಗ ಅಂಗಡಿಗೆ ಓಡುವಂತಾಗಬಾರದು.

ಜಾಗ ಮತ್ತು ಜಾಕ್

• ಸಮತಟ್ಟಾದ ಗಟ್ಟಿ ನೆಲ ಬೇಕು. ಸೊಸೈಟಿಯ ನೆಲಮಾಳಿಗೆಗೆ ಇಳಿಯುವ ಇಳಿಜಾರು, ಮಣ್ಣು ನೆಲ, ರಸ್ತೆಯ ಅಂಚು ಯಾವುದೂ ಆಗದು. ಪೇವರ್ ಕಲ್ಲು ಹಾಸಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ ಇಡಿ.

• ಹಗಲು ಹೊತ್ತಿನಲ್ಲಿ, ಬಿಡುವಿನ ದಿನ ಶುರು ಮಾಡಿ. ಸಂಜೆ ಊರಿಗೆ ಹೊರಡಬೇಕು ಎನ್ನುವ ದಿನ ಬೆಳಿಗ್ಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅವಸರದಲ್ಲಿ ಒಂದು ಬೋಲ್ಟ್ ಬಿಗಿಯದೆ ಉಳಿದರೂ ಸಾಕು, ಅನಾಹುತಕ್ಕೆ.

• ಹ್ಯಾಂಡ್ ಬ್ರೇಕ್ ಎಳೆಯಿರಿ, ಕಾರನ್ನು ಮೊದಲನೇ ಗೇರಿನಲ್ಲಿ ಇಡಿ, ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ. ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಆಪು ಕೊಡಿ.

• ವೀಲ್ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಕಾರು ಜಾಕಿನಿಂದ ಜಾರಬಹುದು.

• ಕಾರಿನೊಂದಿಗೆ ಬರುವ ಜಾಕು ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಎತ್ತಿದ ಮೇಲೆ ಕಾರಿನ ಭಾರ ಉಕ್ಕಿನ ಸ್ಟ್ಯಾಂಡಿನ ಮೇಲೆ ಕೂರಬೇಕು. ಜಾಕು, ಸ್ಟ್ಯಾಂಡು ಎಲ್ಲಿ ಕೊಡಬೇಕೆಂದು ಕಾರಿನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡಬೇಡಿ. ಅವು ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತವೆ.

• ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಡಿ. ಸ್ಟ್ಯಾಂಡ್ ಕೈಕೊಟ್ಟರೂ ಕಾರು ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ. ದೇಹದ ಯಾವ ಭಾಗವೂ ಕಾರಿನ ಅಡಿಗೆ ಹೋಗುವ ಪ್ರಸಂಗ ಈ ಕೆಲಸದಲ್ಲಿ ಬರಬಾರದು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಬಿಚ್ಚುವಾಗ

• ಒಂದು ಸಲಕ್ಕೆ ಒಂದೇ ಚಕ್ರ. ಎಲ್ಲಿ ಯಾವ ಕ್ಲಿಪ್ ಇತ್ತು ಎಂಬ ಗೊಂದಲ ಬಂದರೆ ಇನ್ನೊಂದು ಬದಿ ನೋಡಿ ತಿಳಿಯಬಹುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

• ಸ್ಟಿಯರಿಂಗನ್ನು ಹೊರಳಿಸಿದರೆ, ಪಿಸ್ಟನ್ ಮತ್ತು ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಹಿಂಬದಿಯ ಬೋಲ್ಟುಗಳು ಕೈಗೆ ಸಿಗುತ್ತವೆ. ಬಹಳಷ್ಟು ಕಾರುಗಳಲ್ಲಿ ಕೆಳಗಿನ ಬೋಲ್ಟ್ ತೆಗೆದು ಕ್ಯಾಲಿಪರನ್ನು ಮೇಲಕ್ಕೆ ಮಡಚಿದರೆ ಪ್ಯಾಡ್ ಹೊರಬರುತ್ತದೆ.

• ಕ್ಯಾಲಿಪರನ್ನು ಪೂರ್ತಿ ತೆಗೆದರೆ ಗಟ್ಟಿ ತಂತಿಯಿಂದ ಸಸ್ಪೆನ್ಷನ್ನಿನ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ರಬ್ಬರ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಒಳಗೇ ಬಿರುಕು ಬಿಟ್ಟ ಹೋಸು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

• ಕ್ಯಾಲಿಪರ್ ಬಿಚ್ಚಿರುವಾಗ ಯಾರೂ ಬ್ರೇಕ್ ಪೆಡಲ್ ಒತ್ತಕೂಡದು. ಒತ್ತಿದರೆ ಪಿಸ್ಟನ್ ಹೊರಗೆ ಹಾರುತ್ತದೆ. ಕಾರಿನ ಬಾಗಿಲು ಹಾಕಿ ಬೀಗದ ಕೈ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ.

• ಬ್ರೇಕಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪಂಪಿನಿಂದಲೂ ಹಾರಿಸಬೇಡಿ. ಹಳೆಯ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು. ಈಗಿನ ಪ್ಯಾಡುಗಳ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಗವಸು ಹಾಕಿ, ಬ್ರೇಕ್ ಕ್ಲೀನರಿನಿಂದ ತೋಯಿಸಿ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲು, ಡೀಸೆಲ್ಲು, ಸೀಮೆಎಣ್ಣೆ ಬಳಸಬೇಡಿ.

• ಹಳೆಯ ಪ್ಯಾಡುಗಳನ್ನು ಎಸೆಯುವ ಮೊದಲು ಜೋಡಿಸಿಟ್ಟು ನೋಡಿ. ಒಳಗಿನದು ಹೊರಗಿನದಕ್ಕಿಂತ ಬಹಳ ಸವೆದಿದ್ದರೆ ಕ್ಯಾಲಿಪರ್ ಸರಿಯುವ ಪಿನ್ನುಗಳೋ ಪಿಸ್ಟನ್ನೋ ಬಿಗಿದಿವೆ. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೂ ಕಾರಣ ಹುಡುಕಬೇಕು. ಕಾರಣ ಸರಿಪಡಿಸದೆ ಹೊಸ ಪ್ಯಾಡ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

• ಡಿಸ್ಕನ್ನು ನೋಡಿ. ಇನ್ನು ಎಷ್ಟು ತೆಳ್ಳಗಾದರೆ ಬಳಸಬಾರದು ಎಂಬ ಅಳತೆಯನ್ನು ಹಲವು ಡಿಸ್ಕುಗಳ ಅಂಚಿನಲ್ಲೇ ಕೊರೆದಿರುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ, ಬಿರುಕು ಕಂಡರೆ, ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ, ನೀಲಿ ಕಲೆ ಎದ್ದಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ತೋರಿಸಿ.

ಕೂರಿಸುವಾಗ

• ಹೊಸ ಪ್ಯಾಡ್ ದಪ್ಪ, ಆದ್ದರಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಹಳೆಯ ಪ್ಯಾಡನ್ನು ಪಿಸ್ಟನ್ನಿನ ಮೇಲಿಟ್ಟು ಕ್ಲ್ಯಾಂಪಿನಿಂದ ನಿಧಾನವಾಗಿ, ನೇರವಾಗಿ ಒತ್ತಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಸುತ್ತಲಿನ ರಬ್ಬರ್ ಹರಿಯುತ್ತದೆ. ಹರಿದ ರಬ್ಬರಿನಿಂದ ನೀರು, ಕೆಸರು ಒಳಗೆ ಹೋಗಿ ಪಿಸ್ಟನ್ ತುಕ್ಕು ಹಿಡಿಯುತ್ತದೆ.

• ಪಿಸ್ಟನ್ ಒಳಕ್ಕೆ ಹೋದಂತೆ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತದೆ. ಮುಚ್ಚಳ ಸಡಿಲಿಸಿ, ಸುತ್ತ ಬಟ್ಟೆ ಇಟ್ಟು, ನಡುನಡುವೆ ನೋಡುತ್ತಿರಿ. ಚೆಲ್ಲಿದರೆ ಬಣ್ಣವನ್ನು ತಿಂದುಹಾಕುತ್ತದೆ; ತಕ್ಷಣ ನೀರು ಹಾಕಿ ತೊಳೆಯಿರಿ.

• ಕ್ಯಾಲಿಪರ್ ಪಿನ್ನುಗಳನ್ನು ಹೊರತೆಗೆದು ಒರೆಸಿ, ಬ್ರೇಕ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗಿನ ಸಾಮಾನ್ಯ ಗ್ರೀಸಿನಿಂದ ಅಲ್ಲಿನ ರಬ್ಬರ್ ಉಬ್ಬುತ್ತದೆ. ಪಿನ್ನು ಬೆರಳಿನಿಂದ ತಳ್ಳಿದರೆ ಸಲೀಸಾಗಿ ಸರಿಯಬೇಕು. ಪುಣೆಯ ಮಳೆಗಾಲ ಕಳೆದ ಮೇಲೆ ಈ ಪಿನ್ನುಗಳನ್ನು ನೋಡುವುದು ಒಳ್ಳೆಯದು.

• ಪ್ಯಾಡಿನ ಉಜ್ಜುವ ಮುಖಕ್ಕೆ, ಡಿಸ್ಕಿಗೆ ಗ್ರೀಸಿನ ಬೆರಳೂ ತಾಗಬಾರದು. ಡಿಸ್ಕಿಗೆ ತಾಗಿದ್ದರೆ ಕ್ಲೀನರ್ ಹಾಕಿ ಪೂರ್ತಿ ಒರೆಸಿ. ಪ್ಯಾಡಿಗೆ ಎಣ್ಣೆ ಇಳಿದಿದ್ದರೆ ಆ ಪ್ಯಾಡ್ ಹಾಕಬೇಡಿ.

• ಸದ್ದು ಮಾಡುವ ನಾಲಗೆ ಇರುವ ಪ್ಯಾಡ್ ಒಳಗೋ ಹೊರಗೋ, ನಾಲಗೆ ಮೇಲಕ್ಕೋ ಕೆಳಕ್ಕೋ ಎಂದು ಹಳೆಯದನ್ನು ನೋಡಿ ಹಾಗೆಯೇ ಕೂರಿಸಿ. ಉಜ್ಜುವ ಮುಖ ಡಿಸ್ಕಿನ ಕಡೆಗೇ ಇದೆಯೇ ಎಂದು ಎರಡು ಸಲ ನೋಡಿ. ಹೊಸ ಕ್ಲಿಪ್ ಕೊಟ್ಟಿದ್ದರೆ ಹಳೆಯದು ತೆಗೆದು ಅದನ್ನೇ ಹಾಕಿ.

• ವೀಲ್ ನಟ್ಟುಗಳನ್ನು ಕೈಯಿಂದ ಕೂರಿಸಿ, ಚಕ್ರ ನೆಲಕ್ಕೆ ಇಳಿಸಿದ ಮೇಲೆ ಎದುರುಬದುರು ಕ್ರಮದಲ್ಲಿ ಬಿಗಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಹೇಳಿರುತ್ತಾರೆ. ನಿಮ್ಮ ಕಾರಿನದು ಕೈಪಿಡಿಯಲ್ಲಿದೆ. ಪಾನಾದ ಮೇಲೆ ನಿಂತು ತುಳಿಯಬೇಡಿ. ಕ್ಯಾಲಿಪರಿನ ಪಿನ್ ಬೋಲ್ಟಿಗೆ ಇದಕ್ಕಿಂತ ಬಹಳ ಕಡಿಮೆ ಬಿಗಿ ಸಾಕು. ಅದನ್ನೂ ಕೈಪಿಡಿ ನೋಡಿ ಟಾರ್ಕ್ ಪಾನಾದಿಂದಲೇ ಬಿಗಿಯಿರಿ.

ಕಾರು ಅಲುಗಾಡಿಸುವ ಮೊದಲು

• ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಕಾರು ಚಲಿಸುವ ಮೊದಲು ಬ್ರೇಕ್ ಪೆಡಲನ್ನು ಹಲವು ಸಲ ಒತ್ತಿ. ಪಿಸ್ಟನ್ ಒಳಕ್ಕೆ ತಳ್ಳಿರುವುದರಿಂದ ಅದಕ್ಕೂ ಪ್ಯಾಡಿಗೂ ನಡುವೆ ಸಂದು ಇರುತ್ತದೆ. ಮೊದಲ ಒತ್ತುಗಳಲ್ಲಿ ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಗುವವರೆಗೆ ಒತ್ತಿ. ಇಂಜಿನ್ ಶುರು ಮಾಡಿ ಮತ್ತೊಮ್ಮೆ ಒತ್ತಿ ನೋಡಿ. ಗಟ್ಟಿಯಾಗದಿದ್ದರೆ ಕಾರು ತೆಗೆಯಬೇಡಿ.

• ಆಯಿಲ್ ಮಟ್ಟ ಡಬ್ಬಿಯ ಎರಡು ಗೆರೆಗಳ ನಡುವೆ ಇರಲಿ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಅದೇ ಬಗೆ, ಸೀಲ್ ಒಡೆಯದ ಹೊಸ ಡಬ್ಬಿಯದು ಹಾಕಿ. ಈ ಆಯಿಲ್ ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಶಾಖ ಬೇಕು. ತೇವ ಹೀರಿದ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಮೆಕ್ಯಾನಿಕ್ಕಿನ ಕೈಯಲ್ಲಿ ಪೂರ್ತಿ ಬದಲಿಸಿಕೊಳ್ಳಿ.

• ಮೊದಲು ಸೊಸೈಟಿಯ ಒಳಗೇ ನಡಿಗೆಯ ವೇಗದಲ್ಲಿ ಓಡಿಸಿ, ಬ್ರೇಕ್ ಹಾಕಿ ನೋಡಿ. ಬಳಿಕ ವಾಹನ ಕಡಿಮೆ ಇರುವ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹೆಚ್ಚಿಸಿ. ಎಂಟು ಹತ್ತು ಸಲ ಹೀಗೆ ಮಾಡಿದರೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ನಡುವೆ ತಣ್ಣಗಾಗಲು ಬಿಡಿ.

• ಮೊದಲ ಇನ್ನೂರು ಮುನ್ನೂರು ಕಿ.ಮೀ. ಊರೊಳಗೇ ಓಡಿಸಿ. ಹಬ್ಬದ ಪ್ರಯಾಣಕ್ಕೆ ಕನಿಷ್ಠ ಹದಿನೈದು ದಿನ ಮುಂಚೆಯೇ ಪ್ಯಾಡ್ ಬದಲಿಸಿಬಿಡಿ. ಸುಮಾರು 50 ಕಿ.ಮೀ. ಓಡಿದ ಮೇಲೆ ವೀಲ್ ನಟ್ಟುಗಳ ಬಿಗಿಯನ್ನು ಮತ್ತೆ ನೋಡಿ.

• ಹಳೆಯ ಬ್ರೇಕ್ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಮುಳಾ, ಮುಠಾ ನದಿಗಳಿಗೆ ಈಗಾಗಲೇ ಸೇರುತ್ತಿರುವ ಕೊಳೆ ಸಾಕು. ಬಾಟಲಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಘಾಟು ಇಳಿಯುವಾಗ

• ಬ್ರೇಕ್ ಎಂದರೆ ವೇಗವನ್ನು ಶಾಖವಾಗಿ ಬದಲಿಸುವ ಸಾಧನ. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ನಿಂತರೆ ಹುಟ್ಟುವ ಶಾಖ ಒಂದು ಲೀಟರ್ ನೀರನ್ನು ಸುಮಾರು 60 ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಅದೇ ಕಾರನ್ನು 600 ಮೀಟರ್ ಎತ್ತರದಿಂದ ಬ್ರೇಕಿನ ಮೇಲೇ ಇಳಿಸಿದರೆ ಅಂಥ ಇಪ್ಪತ್ತಕ್ಕೂ ಹೆಚ್ಚು ನಿಲುಗಡೆಗಳ ಶಾಖ ಹುಟ್ಟುತ್ತದೆ. ಸಿಂಹಗಡ ಕೋಟೆ ಸಮುದ್ರಮಟ್ಟದಿಂದ 1,312 ಮೀಟರ್ ಎತ್ತರದಲ್ಲಿದೆ, ಪುಣೆ ಸುಮಾರು 560 ಮೀಟರ್. ರವಿವಾರ ಕೋಟೆಗೆ ಹೋಗಿ ಇಳಿಯುವಾಗ ಈ ಲೆಕ್ಕ ನೆನಪಿರಲಿ.

• ಯಾವ ಗೇರಿನಲ್ಲಿ ಹತ್ತಿದಿರೋ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ. ಇಂಜಿನ್ ಕಾರನ್ನು ಹಿಡಿದಿಟ್ಟುಕೊಳ್ಳಲಿ. ಪೆಡಲ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ವೇಗ ಹೆಚ್ಚಿದಾಗ ಗಟ್ಟಿಯಾಗಿ ಒತ್ತಿ, ಕಡಿಮೆಯಾದಾಗ ಬಿಡಿ.

• ಪೆಟ್ರೋಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಮಾಡಿ ಇಳಿಯುವುದು, ಇಂಜಿನ್ ಬಂದ್ ಮಾಡುವುದು ಪ್ರಾಣಕ್ಕೆ ಕುತ್ತು. ಇಂಜಿನ್ ನಿಂತರೆ ಪೆಡಲ್ ಒತ್ತಲು ನೆರವಾಗುವ ಬೂಸ್ಟರಿನ ಶಕ್ತಿ ಒಂದೆರಡು ಒತ್ತಿನಲ್ಲಿ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ.

• ಊರಿನಿಂದ ಮರಳುವಾಗ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ನಿಯಂತ್ರಣ ತಪ್ಪಿದ ಒಂದು ಭಾರಿ ವಾಹನದಿಂದ ಹತ್ತಾರು ವಾಹನಗಳು ಜಖಂಗೊಂಡವು. ಚಾಲಕ ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿದ್ದನೆಂದು ಪ್ರಾಥಮಿಕ ತನಿಖೆಯಲ್ಲಿ ಪೊಲೀಸರು ಹೇಳಿದ್ದರು. ಮನೆ ಬಂತು ಎಂಬ ನಿರಾಳದಲ್ಲಿ ಅಲ್ಲಿ ವೇಗ ಹೆಚ್ಚಿಸಬೇಡಿ. ಹಿಂದೆ ಭಾರದ ವಾಹನವಿದ್ದರೆ ಬದಿಗೆ ಸರಿದು ದಾರಿ ಬಿಡಿ.

• ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದು ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ, ಸವೆದ ಪ್ಯಾಡಿಗೆ ಬದಲಿಯಲ್ಲ.

• ಘಾಟಿನಲ್ಲಿ ಸುಟ್ಟ ವಾಸನೆ ಬಂದರೆ, ಪೆಡಲ್ ಆಳಕ್ಕೆ ಇಳಿಯತೊಡಗಿದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಬಿಸಿ ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಅದು ಬಿರುಕು ಬಿಡಬಹುದು.

ಇಷ್ಟೆಲ್ಲ ಓದಿ ಧೈರ್ಯ ಸಾಲದಿದ್ದರೆ ಸಂಕೋಚ ಬೇಡ, ಗ್ಯಾರೇಜಿಗೇ ಒಯ್ಯಿರಿ. ಆದರೆ ಚಕ್ರ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿ, ಹಳೆಯ ಪ್ಯಾಡನ್ನು ಕೈಗೆ ತೆಗೆದುಕೊಂಡು ಅಳೆಯಿರಿ, ಗೊತ್ತಾಗದ್ದನ್ನು ಮೇಸ್ತ್ರಿಯನ್ನು ಕೇಳಿ. ನಿಮ್ಮ ಬ್ರೇಕನ್ನು ನಂಬಿ ಹಿಂದಿನ ಸೀಟಿನಲ್ಲಿ ಅವ್ವ ಅಪ್ಪ ಕೂತಿರುತ್ತಾರೆ, ಮುಂದಿನ ರಸ್ತೆಯಲ್ಲಿ ಗುರುತಿಲ್ಲದ ಯಾರದೋ ಮಗು ದಾಟುತ್ತಿರುತ್ತದೆ. ಮುಂದಿನ ಬಾರಿ ಊರಿನ ಹಾದಿ ಹಿಡಿಯುವ ಮೊದಲು ನಾಲ್ಕೂ ಚಕ್ರಗಳ ಬ್ರೇಕನ್ನು ಒಮ್ಮೆ ತೆರೆದು ನೋಡಿಸಿಯೇ ಹೊರಡಿ.